ಪೂಜಾರಿಯೂ ವರ ಕೊಡಬೇಕು

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯನ್ನು ನಮ್ಮ ಹಿರಿಯರು ಸರ್ಕಾರಿ ಕಚೇರಿಗಳ ಅನುಭವದಿಂದಲೇ ಕಟ್ಟಿರಬೇಕೆಂದು ನನಗೆ ಅನೇಕ ವೇಳೆ ತೋರಿದೆ. ಶಾಸನಸಭೆಯಲ್ಲಿ ಹಣ ಮಂಜೂರಾಗುತ್ತದೆ, ಆಜ್ಞೆ ಹೊರಡುತ್ತದೆ, ಕೊನೆಗೆ ಅರ್ಜಿ ಕೊಡುವ ಕಿಟಕಿಯ ಬಳಿ ಬಂದು ವರ ನಿಂತುಬಿಡುತ್ತದೆ. ಈಗ ಆ ಕಿಟಕಿ ಗೋಡೆಯಲ್ಲಿಲ್ಲ, ಗಣಕಯಂತ್ರದ ಪರದೆಯ ಮೇಲಿದೆ. ವಿದ್ಯಾರ್ಥಿವೇತನ, ಪಿಂಚಣಿ, ಸಹಾಯಧನ, ಸಂಶೋಧನೆಯ ಅನುದಾನ ಇವೆಲ್ಲಕ್ಕೂ ಜಾಲತಾಣವೇ ಬಾಗಿಲು. ಕಣ್ಣಿಲ್ಲದವನು, ಕೈ ನಡುಗುವವನು ಈ ಬಾಗಿಲನ್ನು ತೆರೆಯುವುದು ಹೇಗೆ? ಪ್ರಶ್ನೆ ಹೊಸದೆಂದು ತೋರಬಹುದು. ಆದರೆ ಅದರ ಹಿಂದೆ ಅರ್ಧ ಶತಮಾನದ ಇತಿಹಾಸವಿದೆ.

ಮೊದಲು ಬಾಗಿಲಿನ ರಚನೆಯನ್ನು ನೋಡೋಣ. ಅಂಧರು ಗಣಕಯಂತ್ರವನ್ನು ಬಳಸುವುದು ಕಿವಿಯಿಂದ. ‘ಸ್ಕ್ರೀನ್ ರೀಡರ್’ ಎಂಬ ತಂತ್ರಾಂಶ ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಅದು ಓದುವುದು ಕಣ್ಣಿಗೆ ಕಾಣುವುದನ್ನಲ್ಲ, ಪುಟದ ಒಡಲಿನಲ್ಲಿ ಬರೆದಿಟ್ಟಿರುವುದನ್ನು. ‘ತಂದೆಯ ಹೆಸರು’ ಎಂಬ ಮಾತನ್ನೂ ಅದರ ಎದುರಿನ ಖಾಲಿ ಚೌಕವನ್ನೂ ಪುಟ ಕಟ್ಟಿದವರು ಒಳಗೆ ಜೋಡಿಸಿರದಿದ್ದರೆ, ‘ಇಲ್ಲಿ ಬರೆಯಬಹುದು’ ಎಂದಷ್ಟೇ ಯಂತ್ರ ಹೇಳೀತು. ಏನನ್ನು ಬರೆಯಬೇಕೆಂದು ಹೇಳಲಾರದು. ಚಿತ್ರಕ್ಕೆ ವಿವರಣೆ ಇಲ್ಲದಿದ್ದರೆ ‘ಚಿತ್ರ’ ಎಂದು ಹೇಳಿ ಸುಮ್ಮನಾಗುತ್ತದೆ. ಅರ್ಜಿದಾರ ಯಂತ್ರವಲ್ಲವೆಂದು ಖಚಿತಪಡಿಸಿಕೊಳ್ಳಲು ಸೊಟ್ಟ ಅಕ್ಷರಗಳ ಚಿತ್ರವನ್ನು ಒಡ್ಡುವ ಪದ್ಧತಿಯೊಂದುಂಟು. ಅದರೆದುರು ಕಣ್ಣಿಲ್ಲದ ಮನುಷ್ಯ ಮನುಷ್ಯನೇ ಅಲ್ಲವೆಂದು ತೀರ್ಮಾನವಾಗುತ್ತದೆ! ಮೌಸ್ ಹಿಡಿಯಲಾರದವನಿಗೆ ಕೀಲಿಮಣೆಯೊಂದರಿಂದಲೇ ಎಲ್ಲ ಕೆಲಸವೂ ಸಾಗಬೇಕು. ನಿಧಾನವಾಗಿ ಬರೆಯುವವನ ಮುಂದೆ ಪುಟ ನಡುವೆಯೇ ಮುಚ್ಚಿಹೋಗಬಾರದು. ಇವೆಲ್ಲ ದೊಡ್ಡ ವಿದ್ಯೆಯೇನಲ್ಲ. ಕಟ್ಟುವಾಗಲೇ ನೆನಪಿಡಬೇಕಾದ ಸಂಗತಿಗಳು.

ಈ ನೆನಪನ್ನು ಕಾನೂನಾಗಿಸಿದ ಕಥೆ ಅಮೆರಿಕದಿಂದ ಆರಂಭವಾಗುತ್ತದೆ. 1973ರಲ್ಲಿ ಅಲ್ಲಿ ಪುನರ್ವಸತಿ ಕಾಯಿದೆ ಬಂದಿತು. ಅದರ 504ನೆಯ ವಿಧಿ ಒಂದೇ ವಾಕ್ಯದ್ದು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಕಾರ್ಯಕ್ರಮದಿಂದಲೂ ಅರ್ಹನೊಬ್ಬನನ್ನು ಅವನ ಅಂಗವೈಕಲ್ಯವೊಂದನ್ನೇ ಕಾರಣಮಾಡಿ ಹೊರಗಿಡಕೂಡದು ಎಂಬುದು ಅದರ ತಾತ್ಪರ್ಯ. ವರ್ಣಭೇದದ ವಿಷಯದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯಿದೆ ಆಡಿದ್ದ ಮಾತಿನ ಪಡಿಯಚ್ಚು ಇದು. ಎಲ್ಲರ ತೆರಿಗೆಯಿಂದ ಬಂದ ಹಣ ಹರಿಯುವ ಕಡೆ ಕೆಲವರಿಗೆ ಪ್ರವೇಶವಿಲ್ಲವೆನ್ನಲು ಯಾರಿಗೂ ಅಧಿಕಾರವಿಲ್ಲ. ಇದು ದಯೆಯ ಮಾತಲ್ಲ, ಲೆಕ್ಕದ ಮಾತು.

ವರವೇನೋ ಸಿಕ್ಕಿತು, ಪೂಜಾರಿ ಕೊಡಬೇಕಲ್ಲ! ವಿಧಿಯನ್ನು ಜಾರಿಗೆ ತರುವ ನಿಯಮಗಳಿಗೆ ಮೂರೂವರೆ ವರ್ಷವಾದರೂ ಸಹಿ ಬೀಳಲಿಲ್ಲ. 1977ರ ಏಪ್ರಿಲ್ 5ರಂದು ಅಂಗವಿಕಲರು ಅನೇಕ ನಗರಗಳಲ್ಲಿ ಸರ್ಕಾರಿ ಕಚೇರಿಗಳ ಮುಂದೆ ನೆರೆದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೂರಕ್ಕೂ ಮಿಕ್ಕಿದ ಜನ ಒಳಹೊಕ್ಕು, ಮೂರು ವಾರ ಮೀರಿದರೂ ಕದಲಲಿಲ್ಲ. ಪೋಲಿಯೋದಿಂದ ಗಾಲಿಕುರ್ಚಿಯನ್ನು ಆಶ್ರಯಿಸಿದ್ದ ಜೂಡಿತ್ ಹ್ಯೂಮನ್ ಅವರ ಮುಂದಾಳುಗಳಲ್ಲಿ ಒಬ್ಬಳು. ದೂರವಾಣಿಯ ಸಂಪರ್ಕ ಕಡಿದಾಗ ಕಿವುಡರು ಕಿಟಕಿಯಲ್ಲಿ ನಿಂತು ಕೈಸನ್ನೆಯಿಂದ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು. ‘ಬ್ಲ್ಯಾಕ್ ಪ್ಯಾಂಥರ್’ ಪಕ್ಷದವರು ಊಟ ತಂದುಕೊಟ್ಟರು. ಏಪ್ರಿಲ್ 28ರಂದು ಸಚಿವ ಜೋಸೆಫ್ ಕ್ಯಾಲಿಫಾನೋ ನಿಯಮಗಳಿಗೆ ಸಹಿ ಹಾಕಿದನು.

ಅಂದಿನ ಹೋರಾಟ ಮೆಟ್ಟಿಲುಗಳ ವಿಷಯವಾಗಿತ್ತು; ಗಣಕಯಂತ್ರ ಮನೆಮನೆಗೆ ಬಂದಮೇಲೆ ಪರದೆಯ ಸರದಿ ಬಂದಿತು. 1986ರಲ್ಲಿ ಅದೇ ಕಾಯಿದೆಗೆ 508ನೆಯ ವಿಧಿ ಸೇರಿತು. ಆದರೆ ಅದಕ್ಕೆ ಹಲ್ಲಿರಲಿಲ್ಲ. 1998ರ ತಿದ್ದುಪಡಿ ಹಲ್ಲು ಕೊಟ್ಟಿತು. 2001ರ ಜೂನ್‌ನಿಂದ ಕೇಂದ್ರ ಸರ್ಕಾರ ಕೊಳ್ಳುವ, ಕಟ್ಟುವ ವಿದ್ಯುನ್ಮಾನ ಸಾಧನಗಳು ಅಂಗವಿಕಲರಿಗೂ ಬಳಸಲು ಬರಬೇಕೆಂಬುದು ಜಾರಿಯಾಯಿತು. ಈ ನಡುವೆ, 1999ರ ಮೇ ತಿಂಗಳಲ್ಲಿ, ಜಾಲತಾಣಗಳನ್ನು ಹೇಗೆ ಕಟ್ಟಬೇಕೆಂಬ ಮೊದಲ ಅಂತರರಾಷ್ಟ್ರೀಯ ಸೂತ್ರಗಳೂ ಪ್ರಕಟವಾದವು.

‘ಇದಕ್ಕೆಲ್ಲ ಬಹಳ ಖರ್ಚಲ್ಲವೆ?’ ಎಂದು ಕೇಳುವವರುಂಟು. ಅವರಿಗೆ ಉತ್ತರ ಆಸ್ಟ್ರೇಲಿಯದಲ್ಲಿದೆ. 2000ದ ಸಿಡ್ನಿ ಒಲಿಂಪಿಕ್ಸ್‌ನ ಜಾಲತಾಣವನ್ನು ತಾನು ಬಳಸಲಾಗುತ್ತಿಲ್ಲವೆಂದು ಬ್ರೂಸ್ ಮ್ಯಾಗ್ವೈರ್ ಎಂಬ ಅಂಧನು ಮಾನವ ಹಕ್ಕುಗಳ ಆಯೋಗದ ಮೊರೆಹೊಕ್ಕನು. ಫಲಿತಾಂಶದ ಪಟ್ಟಿಗಳಿಗಾಗಿ 1,295 ಪುಟಮಾದರಿಗಳನ್ನು ತಿದ್ದಬೇಕು, ಅದು ಒಬ್ಬನಿಗೆ 368 ದಿನಗಳ ಕೆಲಸ ಎಂದು ಸಂಘಟನಾ ಸಮಿತಿ ವಾದಿಸಿತು. ಸಣ್ಣದೊಂದು ತಂಡಕ್ಕೆ ನಾಲ್ಕು ವಾರ ಸಾಕೆಂದು ತಜ್ಞರು ಸಾಕ್ಷ್ಯ ನುಡಿದರು. ಆಯೋಗ ಮ್ಯಾಗ್ವೈರನ ಪರವಾಗಿ ತೀರ್ಪಿತ್ತಿತು. ಸಮಿತಿ ಆಜ್ಞೆಯನ್ನು ಪೂರ್ತಿಯಾಗಿ ಪಾಲಿಸದಿದ್ದುದರಿಂದ ಅವನಿಗೆ 20,000 ಡಾಲರ್ ಪರಿಹಾರ ತೆರಬೇಕಾಯಿತು. ಮನೆ ಕಟ್ಟುವಾಗ ಬಾಗಿಲಿಡುವುದು ಅಗ್ಗ. ಕಟ್ಟಿದ ಗೋಡೆಯನ್ನು ಒಡೆದು ಬಾಗಿಲಿಡುವುದು ದುಬಾರಿ. ಆ ದುಬಾರಿಯನ್ನು ತೋರಿಸಿ ಬಾಗಿಲೇ ಬೇಡವೆನ್ನುವುದು ನ್ಯಾಯವಲ್ಲ.

ನಮ್ಮ ದೇಶದ ಮಾತಿಗೆ ಬರೋಣ. 2011ರ ಜನಗಣತಿಯಂತೆ ಭಾರತದಲ್ಲಿ ಅಂಗವಿಕಲರು 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13 ಲಕ್ಷ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. 2009ರಲ್ಲಿ ಸರ್ಕಾರಿ ಜಾಲತಾಣಗಳಿಗೆ ಮಾರ್ಗಸೂಚಿ ಬಂದಿತು. 2016ರ ಕಾಯಿದೆ ಅಂಗವೈಕಲ್ಯದ ವರ್ಗಗಳನ್ನು 7ರಿಂದ 21ಕ್ಕೆ ಏರಿಸಿತು. ಆದರೂ ನಿಯಮಗಳು ‘ಮಾಡಿದರೆ ಒಳ್ಳೆಯದು’ ಎಂಬ ಧಾಟಿಯಲ್ಲೇ ಉಳಿದವು. 2024ರ ನವೆಂಬರ್ 8ರಂದು, ರಾಜೀವ್ ರತೂರಿ ಪ್ರಕರಣದಲ್ಲಿ, ಈ ಸಡಿಲ ಧಾಟಿ ಕಾಯಿದೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟು ಹೇಳಿತು. ಕಡ್ಡಾಯ ನಿಯಮಗಳನ್ನು ರಚಿಸಬೇಕೆಂದಿತು. ಮರುವರ್ಷ ಏಪ್ರಿಲ್ 30ರಂದು ಇನ್ನೊಂದು ತೀರ್ಪು ಬಂದಿತು. ಆಸಿಡ್ ದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್ ಬ್ಯಾಂಕಿನಲ್ಲಿ ಖಾತೆ ತೆರೆಯಹೋದಾಗ ಯಂತ್ರ ಕಣ್ಣು ಮಿಟುಕಿಸೆಂದಿತು. ಆಕೆಗೆ ಅದು ಆಗದು. ಅಂಕೀಯ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನಲ್ಲೇ ಅಡಕವಾಗಿದೆಯೆಂದು ನ್ಯಾಯಾಲಯ ಸಾರಿತು.

ಕನ್ನಡಿಗರಾದ ನಮಗೆ ಇಲ್ಲಿ ಬೇರೊಂದು ತೊಡಕೂ ಉಂಟು. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತ ಕಣ್ಣಿಗೆ ಅಚ್ಚಗನ್ನಡ. ಒಳಗೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಓದುವ ಯಂತ್ರ ಆ ರಾಶಿಯನ್ನೇ ಒದರುತ್ತದೆ. ಇನ್ನು ಸಹಿ, ಮೊಹರುಗಳೊಡನೆ ಚಿತ್ರವಾಗಿ ಸೆರೆಹಿಡಿದ ಆಜ್ಞೆಗಳನ್ನು ಅದು ಹಾಗೆಯೇ ಓದಲಾರದು. ಭಾಷೆಯ ಅಧ್ಯಾಪಕನಾಗಿ ನನಗೆ ಅನಿಸುವುದು ಇಷ್ಟು: ಕಿವಿಗೆ ತಲುಪದ ಕನ್ನಡ ಅರ್ಧ ಕನ್ನಡ.

‘ಬೇರೆಯವರಿಂದ ಅರ್ಜಿ ತುಂಬಿಸಿಕೊಳ್ಳಬಹುದಲ್ಲ?’ ಎಂಬುದು ಕೊನೆಯ ಆಕ್ಷೇಪ. ನನ್ನ ತರಗತಿಯ ಅಂಧ ವಿದ್ಯಾರ್ಥಿಗಳು ವಿದ್ಯಾರ್ಥಿವೇತನದ ದಿನಗಳಲ್ಲಿ ಗೆಳೆಯನೊಬ್ಬನನ್ನು ಹುಡುಕಿಕೊಂಡು ಹೋಗುವುದನ್ನು ಕಂಡಿದ್ದೇನೆ. ಗೆಳೆಯರು ಸಜ್ಜನರೇ. ಆದರೂ ಮನೆಯ ವರಮಾನ, ಬ್ಯಾಂಕಿನ ಸಂಖ್ಯೆ, ಗುಪ್ತಪದ ಎಲ್ಲವನ್ನೂ ಇನ್ನೊಬ್ಬರ ಕೈಯಲ್ಲಿ ಇಟ್ಟಮೇಲೆಯೇ ಆ ಹಣ ಅವರದಾಗಬೇಕು. ಸಹಪಾಠಿಗಳು ತೆರದ ಈ ಸುಂಕವನ್ನು ಅವರೇಕೆ ತೆರಬೇಕು?

ಅನುದಾನದ ಜಾಲತಾಣಗಳನ್ನು ಉದ್ಘಾಟಿಸುವ ಮಹನೀಯರಲ್ಲಿ ನನ್ನದೊಂದು ಸಣ್ಣ ಬಿನ್ನಹ. ದೀಪ ಹಚ್ಚುವ ಮುನ್ನ ಅಂಧ ವಿದ್ಯಾರ್ಥಿಯೊಬ್ಬನನ್ನು ಕರೆಸಿ, ಯಂತ್ರದ ಮುಂದೆ ಕೂರಿಸಿ, ಅರ್ಜಿ ತುಂಬಲು ಹೇಳಿ. ಯಾರ ನೆರವೂ ಇಲ್ಲದೆ ಅವನು ಕೊನೆಯ ಪುಟವನ್ನು ಮುಟ್ಟಿದರೆ ಆಗ ದೀಪ ಹಚ್ಚಬಹುದು. ಇಲ್ಲವಾದರೆ ಬತ್ತಿ ಇನ್ನೊಂದು ತಿಂಗಳು ಕಾಯಲಿ.