ಕೆಟ್ಟ ಡಿಜಿಟಲ್ ಚಿತ್ರಗಳ ದುರಸ್ತಿ: ತಂತ್ರಾಂಶದಲ್ಲಿ ಆಗಬೇಕಾದ ಸುಧಾರಣೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸ್ಟುಡಿಯೋಗಳಲ್ಲಿ ಮದುವೆಯ ಚಿತ್ರಗಳು ನೆಗೆಟಿವ್ ಸುರುಳಿಯನ್ನು ಬಿಟ್ಟು ಮೆಮೊರಿ ಕಾರ್ಡಿಗೆ ಬಂದು ವರ್ಷಗಳೇ ಸಂದಿವೆ. ನೆಗೆಟಿವ್‌ಗೆ ಗೀರು ಬಿದ್ದರೆ ಅಷ್ಟು ಜಾಗ ಮಾತ್ರ ಹಾಳು. ಜೆಪೆಗ್ ಕಡತದಲ್ಲಿ ಒಂದು ಬಿಟ್ ತಪ್ಪಿದರೂ ಅಲ್ಲಿಂದ ಕೆಳಗಿನ ಚಿತ್ರವೆಲ್ಲ ಬಣ್ಣಗೆಡಬಹುದು, ಪಕ್ಕಕ್ಕೆ ಸರಿಯಬಹುದು.

ಕಾರಣ 1992ರಲ್ಲಿ ರೂಪುಗೊಂಡ ಆ ಮಾನಕದಲ್ಲೇ ಇದೆ. ಪ್ರತಿ ಚೌಕದ ಸರಾಸರಿ ಬೆಳಕು-ಬಣ್ಣಗಳನ್ನು ಹಿಂದಿನ ಚೌಕಕ್ಕಿಂತ ಎಷ್ಟು ವ್ಯತ್ಯಾಸವೆಂದು ಬರೆಯಲಾಗುತ್ತದೆ; ಒಂದು ತಪ್ಪಿದರೆ ಮುಂದಿನವೂ ತಪ್ಪುತ್ತವೆ. ಲೆಕ್ಕವನ್ನು ನಡುವೆ ಹೊಸದಾಗಿ ಆರಂಭಿಸುವ 'ರೀಸ್ಟಾರ್ಟ್' ಗುರುತುಗಳಿಗೆ ಅವಕಾಶವಿದೆ, ಆದರೆ ಅವು ಕಡ್ಡಾಯವಲ್ಲ.

ಫೋಟೋರೆಕ್‌ನಂಥ ಉಚಿತ ತಂತ್ರಾಂಶ ಅಳಿಸಿಹೋದ ಕಡತವನ್ನು ಹುಡುಕಿಕೊಡುತ್ತದೆ. ಕೆಟ್ಟದ್ದನ್ನು ಸರಿಪಡಿಸುವುದು ಅದರ ಕೆಲಸವಲ್ಲ. ಕಡತದ ಆರಂಭದಲ್ಲಿರುವ ಸಂಕೇತಪಟ್ಟಿ ನಾಶವಾದಾಗ ದುರಸ್ತಿಯ ಕೆಲವು ತಂತ್ರಾಂಶಗಳು ಅದೇ ಕ್ಯಾಮೆರಾದ ಸುಸ್ಥಿತಿಯ ಚಿತ್ರವೊಂದರಿಂದ ಅದನ್ನು ಎರವಲು ಪಡೆಯುತ್ತವೆ. ಆ ಮಾದರಿಯನ್ನು ಹುಡುಕುವ ಹೊಣೆ ಬಳಕೆದಾರನದಾಗಬಾರದು, ತಂತ್ರಾಂಶವೇ ಅದೇ ಕಾರ್ಡಿನಿಂದ ಆರಿಸಬೇಕು. ಮೂಲ ಕಾರ್ಡಿನ ಮೇಲೆ ಏನನ್ನೂ ಬರೆಯಲು ಬಿಡಬಾರದು. ಕಡತದೊಳಗೆ ಅಡಗಿರುವ ಕಿರುಚಿತ್ರ ಉಳಿದಿದ್ದರೆ ಮೊದಲು ಅದನ್ನು ತೋರಿಸಬೇಕು. ಅದು ಸಾಮಾನ್ಯವಾಗಿ 160×120 ಬಿಂದುಗಳಷ್ಟು ಚಿಕ್ಕದು. ಆದರೂ ಏನೂ ಇಲ್ಲದಿರುವುದಕ್ಕಿಂತ ಮೇಲು.

ಹೆಚ್ಚಿನ ಎಚ್ಚರ ಬೇಕಾದದ್ದು ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ. ಧಾರೆಯ ಚಿತ್ರದಲ್ಲಿ ಅಜ್ಜಿಯ ಮುಖವಿದ್ದ ಭಾಗದ ದತ್ತಾಂಶವೇ ನಾಶವಾಗಿದ್ದರೆ ಅದು ಬಿಡಿಸುವುದು ಅಜ್ಜಿಯನ್ನಲ್ಲ, ಮತ್ತಾರನ್ನೋ. ಮರಳಿ ಪಡೆದದ್ದು ಯಾವುದು, ಊಹಿಸಿ ತುಂಬಿದ್ದು ಯಾವುದು ಎಂಬುದನ್ನು ತಂತ್ರಾಂಶ ಬೇರೆ ಬಣ್ಣದಲ್ಲಿ ಗುರುತಿಸಿ ಪ್ರತ್ಯೇಕ ಪ್ರತಿಯಲ್ಲಿ ಕೊಡಬೇಕು. ಮನೆಯವರು ಬೂದು ಪಟ್ಟಿಯನ್ನೇ ಉಳಿಸಿಕೊಳ್ಳಲು ಇಚ್ಛಿಸಿದರೆ ಅದಕ್ಕೂ ಅವಕಾಶವಿರಬೇಕು.