ತೋಳು, ಅಟ್ಟ, ಕಂಬ: ಬೆಂಗಳೂರಿನ ಹೊರವಲಯದಲ್ಲಿ ಡ್ರೋನ್ ಒಳಜೋಡಣೆಯ ಚರಿತ್ರೆ

ಬೆಂಗಳೂರಿನ ಡ್ರೋನ್ ಉದ್ಯಮದ ಕಥೆ ಹೇಳುವವರು ಹೆಚ್ಚಾಗಿ ಕಂಪನಿಗಳ ಹುಟ್ಟು, ಬಂಡವಾಳ ಮತ್ತು ಸರ್ಕಾರಿ ನಿಯಮಗಳ ಜಾಡು ಹಿಡಿಯುತ್ತಾರೆ. ಯಂತ್ರದ ಹೊಟ್ಟೆಯೊಳಗೆ ಯಾವ ಬೋರ್ಡು ಎಲ್ಲಿ ಕೂರಬೇಕು, ಯಾವ ವೈರು ಯಾವುದರ ಪಕ್ಕದಲ್ಲಿ ಹಾಯಬಾರದು ಎಂಬ ಪ್ರಶ್ನೆ ಅಲ್ಲಿ ಬರುವುದು ಅಪರೂಪ. ಈ ಲೇಖನದ ಆಸಕ್ತಿ ಅಷ್ಟೇ ವಿಷಯದ ಮೇಲೆ. ಚಿಪ್ಪು, ಮೋಟಾರು, ಬ್ಯಾಟರಿ ಸೆಲ್ಲುಗಳಲ್ಲಿ ಬಹುಪಾಲು ಹೊರಗಿನಿಂದ ಬಂದವು. ಅವನ್ನು ಒಂದಕ್ಕೊಂದು ಕಾಟ ಕೊಡದಂತೆ ಕೂರಿಸುವ ಬುದ್ಧಿ ಮಾತ್ರ ಇಲ್ಲಿಯದು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಪಟ್ಟಿ ಈ ಯಂತ್ರಕ್ಕೆ ಕೊಟ್ಟ ಮುಖ್ಯ ಕಾಣಿಕೆ ಈ ಜೋಡಣೆಯೇ ಎಂಬುದು ನನ್ನ ವಾದ.

ನೆಲ ಮೊದಲೇ ಹದವಾಗಿತ್ತು. 1954ರಲ್ಲಿ ಜಾಲಹಳ್ಳಿಗೆ ರಕ್ಷಣಾ ಎಲೆಕ್ಟ್ರಾನಿಕ್ಸ್ ಕಂಪನಿ ಬಿಇಎಲ್ ಬಂತು. ಡಿಆರ್‌ಡಿಒದ ವೈಮಾನಿಕ ಅಭಿವೃದ್ಧಿ ಸಂಸ್ಥೆ ಎಡಿಇ 1959ರದು. ಅದೇ ವರ್ಷ ದೆಹಲಿಯಲ್ಲಿ ಹುಟ್ಟಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ 1960ರಲ್ಲಿ ಇಲ್ಲಿಗೆ ಸ್ಥಳಾಂತರವಾಯಿತು. 1976ರಲ್ಲಿ ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ಸ್ಥಾಪನೆಯಾದ ಮೇಲೆ ಅದರ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. ಪೀಣ್ಯದ ಶೆಡ್ಡುಗಳಲ್ಲಿ ಲೇತು, ಅಚ್ಚು, ಲೇಪನದ ಕೆಲಸ ಪಳಗಿತ್ತು. ಬಿಡಿಭಾಗ ಬೇಕೆಂದರೆ ಎಸ್.ಪಿ. ರಸ್ತೆ ಇತ್ತು.

ಹಲವು ರೆಕ್ಕೆಚಕ್ರಗಳ ಹಾರುಯಂತ್ರವೇನೂ ಹೊಸದಲ್ಲ. 1907ರಲ್ಲಿ ಫ್ರಾನ್ಸಿನ ಬ್ರೆಗೆ ಸಹೋದರರ ನಾಲ್ಕು ಚಕ್ರದ ಯಂತ್ರ ನೆಲ ಬಿಟ್ಟು ಎದ್ದಿತು. ಆದರೆ ಅದು ವಾಲದಂತೆ ಕೆಳಗೆ ನಿಂತ ಆಳುಗಳು ಹಿಡಿದುಕೊಳ್ಳಬೇಕಾಯಿತು. 1922ರಲ್ಲಿ ಅಮೆರಿಕದಲ್ಲಿ ಡಿ ಬೊಥೆಜಾಟ್ ಇನ್ನೊಂದನ್ನು ಹಾರಿಸಿದರು, ಅದೂ ಮುಂದುವರಿಯಲಿಲ್ಲ. ನಾಲ್ಕು ಚಕ್ರಗಳ ವೇಗವನ್ನು ಕ್ಷಣಕ್ಷಣಕ್ಕೂ ತಿದ್ದುವುದು ಮನುಷ್ಯನ ಕೈಗೆ ಮೀರಿದ ಕೆಲಸ. ಅದನ್ನು ಸಾಧ್ಯ ಮಾಡಿದ್ದು ಸಿಲಿಕಾನ್ ಮೇಲೆ ಕೆತ್ತಿದ, ತಿರುಗುವಿಕೆ ಅಳೆಯುವ ಪುಟ್ಟ ಗೈರೋ. 2010ರ ಹೊತ್ತಿಗೆ ಹವ್ಯಾಸಿಗಳು ನಿಂಟೆಂಡೊ ವೀ ಆಟದ ರಿಮೋಟಿನ ಬಿಡಿಭಾಗವನ್ನು ಬಿಚ್ಚಿ, ಒಳಗಿನ ಗೈರೋವನ್ನು ಆರ್ಡುಯಿನೊ ಎಂಬ ಪುಟ್ಟ ಗಣಕ ಬೋರ್ಡಿಗೆ ಸೇರಿಸಿ 'ಮಲ್ಟಿವೀ' ಎಂಬ ನಿಯಂತ್ರಕ ಕಟ್ಟಿಕೊಂಡರು. ಬೆನ್ನಲ್ಲೇ ಬಂದ ಎಂಪಿಯು-6050 ಚಿಪ್ಪು ಮೂರು ಅಕ್ಷದ ಗೈರೋ ಮತ್ತು ಮೂರು ಅಕ್ಷದ ವೇಗೋತ್ಕರ್ಷ ಮಾಪಕ ಎರಡನ್ನೂ 4 ಮಿಲಿಮೀಟರ್ ಚೌಕದೊಳಗೆ ತಂದಿತು. ನಮ್ಮ ಎಂಜಿನಿಯರಿಂಗ್ ಹುಡುಗರಿಗೆ ಹುಚ್ಚು ಹಿಡಿಸಿದ್ದರಲ್ಲಿ 2009ರ '3 ಈಡಿಯಟ್ಸ್' ಸಿನಿಮಾದ ಪಾಲೂ ಇದೆ ಎಂದರೆ ವಿದ್ವಾಂಸರು ಮೂಗು ಮುರಿಯಬಾರದು. ಅದರಲ್ಲಿ ಹಾರಿದ ಕ್ವಾಡ್‌ಕಾಪ್ಟರು ಐಡಿಯಾಫೋರ್ಜ್ ಎಂಬ ಡ್ರೋನ್ ಕಂಪನಿಯವರದು.

ಮೊದಲ ತಲೆಮಾರಿನ ಜೋಡಣೆ ತೋಳಿನದು. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯನ್ನು ಪ್ರತಿ ತೋಳಿನ ಮೇಲೆ ಒಂದರಂತೆ ಕಟ್ಟುತ್ತಿದ್ದರು. ಪ್ರೊಪೆಲ್ಲರಿನ ಗಾಳಿ ಬಡಿದು ಅದು ತಣ್ಣಗಿರುತ್ತದೆ, ಕರೆಂಟಿನ ಗದ್ದಲವೂ ನಡುವಿನ ಸೂಕ್ಷ್ಮ ಬೋರ್ಡಿನಿಂದ ದೂರ ಉಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳುವು. ಅದೇ ತೂಕ ಎತ್ತಲು ತುಸು ಹೆಚ್ಚು ವಿದ್ಯುತ್ತು ಬೇಕು, ಹಾಗಾಗಿ ಈ ತಂಪಿಗೆ ಇಲ್ಲಿ ಬೆಲೆ ಹೆಚ್ಚು. ತೊಂದರೆ ಬೇರೆ ಕಡೆ ಇತ್ತು. ಇಎಸ್‌ಸಿ ತೋಳಿನ ತುದಿಗೆ ಹೋದಷ್ಟೂ ಬ್ಯಾಟರಿಯಿಂದ ಬರುವ ವೈರು ಉದ್ದವಾಗುತ್ತದೆ. ಇಎಸ್‌ಸಿ ಕ್ಷಣಕ್ಕೆ ಸಾವಿರಾರು ಸಲ ಕರೆಂಟು ಹರಿಸಿ ತಡೆಯುತ್ತದೆ. ಉದ್ದ ವೈರಿನ ಇಂಡಕ್ಟೆನ್ಸಿನಿಂದಾಗಿ ಪ್ರತಿ ತಡೆಗೂ ವೋಲ್ಟೇಜು ಚಿಮ್ಮುತ್ತದೆ, ಇಎಸ್‌ಸಿಯ ಕೆಪಾಸಿಟರು ಆ ಪೆಟ್ಟು ತಿಂದು ಬೇಗ ಸಾಯುತ್ತದೆ. ಆದ್ದರಿಂದ ಉದ್ದ ಮಾಡಲೇಬೇಕಾದರೆ ಮೋಟಾರಿನ ಕಡೆಯ ಮೂರು ವೈರುಗಳನ್ನು ಉದ್ದ ಮಾಡು, ಬ್ಯಾಟರಿಯ ಕಡೆಯದನ್ನಲ್ಲ ಎಂಬುದು ಕಟ್ಟುವವರ ಪಾಠವಾಯಿತು.

ಆಮೇಲೆ ಬಂದದ್ದು ಅಟ್ಟದ ಪದ್ಧತಿ. ನಾಲ್ಕೂ ಇಎಸ್‌ಸಿ ಒಂದೇ ಬೋರ್ಡಿಗೆ ಸೇರಿ, ಅದರ ತಲೆಯ ಮೇಲೆ ನಿಯಂತ್ರಕ ಕೂತಿತು. ನಾಲ್ಕು ಮೂಲೆಯ ತೂತುಗಳ ನಡುವಿನ 30.5 ಮಿಲಿಮೀಟರ್ ಅಂತರ ಸಾಮಾನ್ಯ ಅಳತೆಯಾಯಿತು. ವೈರು ಕಡಿಮೆಯಾಯಿತು, ಆದರೆ ಶಾಖವೂ ಗದ್ದಲವೂ ಗೈರೋದ ಕಾಲಬುಡಕ್ಕೇ ಬಂದವು. ಅಟ್ಟದ ಕಂಬಗಳಿಗೆ ಮೆತ್ತನೆಯ ರಬ್ಬರು ಬಿದ್ದದ್ದು ಮೋಟಾರಿನ ನಡುಕ ಗೈರೋಗೆ ಮುಟ್ಟದಿರಲೆಂದು. ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಮಾಪಕದ ಮೇಲೆ ಫೋಮಿನ ತುಂಡು ಅಂಟಿಸಿದ್ದು ಪ್ರೊಪೆಲ್ಲರಿನ ಗಾಳಿಯೂ ಬಿಸಿಲೂ ಅದನ್ನು ಮೋಸಗೊಳಿಸದಿರಲೆಂದು.

ಕಂಬದ ವಿಷಯಕ್ಕೆ ಲೆಕ್ಕವೇ ಬೇಕು. ಜಿಪಿಎಸ್ ಮತ್ತು ದಿಕ್ಸೂಚಿಯನ್ನು ಸಣ್ಣ ಕಂಬದ ತುದಿಗೇರಿಸುವ ರೂಢಿ ಎಲ್ಲೆಡೆ ಇದೆ. 20 ಆಂಪಿಯರ್ ಹರಿಯುವ ಒಂಟಿ ನೇರ ವೈರು 10 ಸೆಂಟಿಮೀಟರ್ ದೂರದಲ್ಲಿ 40 ಮೈಕ್ರೋಟೆಸ್ಲಾದಷ್ಟು ಕಾಂತಕ್ಷೇತ್ರ ಹುಟ್ಟಿಸುತ್ತದೆ. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರವೂ ಸುಮಾರು ಅಷ್ಟೇ. ಅಂದರೆ ಎರಡು ಕಿಲೋ ತೂಕದ ಸಾಮಾನ್ಯ ಕ್ವಾಡ್‌ಕಾಪ್ಟರಿನ ಬ್ಯಾಟರಿ ವೈರೊಂದೇ ಉತ್ತರ ಯಾವುದೆಂಬುದನ್ನು ಮರೆಸಿಬಿಡಬಲ್ಲದು. ಕಂಬ ಎತ್ತರವಾದಷ್ಟೂ ಕ್ಷೇತ್ರ ಇಳಿಯುತ್ತದೆ. ಧನ, ಋಣ ವೈರುಗಳನ್ನು ಹುರಿಯಾಗಿ ಹೆಣೆದರೆ ಒಂದರದು ಇನ್ನೊಂದನ್ನು ಬಹುಮಟ್ಟಿಗೆ ಅಳಿಸುತ್ತದೆ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿ ಹಾಯುತ್ತದೆ, 1963ರಲ್ಲಿ 'ತುಂಬಾ' ಎಂಬ ಊರಿನ ರಾಕೆಟ್ ಕೇಂದ್ರ ಅಲ್ಲಿ ನೆಲೆಗೊಂಡದ್ದೂ ಇದೇ ಕಾರಣಕ್ಕೆ. ಹಾಗಾಗಿ ನಮ್ಮಲ್ಲಿ ಕ್ಷೇತ್ರ ಬಹುಪಾಲು ಅಡ್ಡಡ್ಡ ಹರಿಯುತ್ತದೆ, ದಿಕ್ಕು ತಿಳಿಯಲು ಬೇಕಾದದ್ದೂ ಆ ಅಡ್ಡ ಭಾಗವೇ. ಜರ್ಮನಿಯಲ್ಲಿ ಅದು ಸುಮಾರು 20 ಮೈಕ್ರೋಟೆಸ್ಲಾ ಮಾತ್ರ. ಅಲ್ಲಿ ಬರೆದ ಸಲಹೆಗಳನ್ನು ಇಲ್ಲಿಯವರು ಹಾಗೆಯೇ ಪಾಲಿಸಿದರೆ ನಷ್ಟವೇನಿಲ್ಲ, ಕಂಬ ಬೇಕಾದದ್ದಕ್ಕಿಂತ ತುಸು ಎತ್ತರವಾದೀತು.

ಭೌತಶಾಸ್ತ್ರದಷ್ಟೇ ಕಾನೂನೂ ಒಳಜೋಡಣೆಯನ್ನು ತಿದ್ದಿದೆ. 2014ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ನಾಗರಿಕ ಡ್ರೋನುಗಳನ್ನು ತಡೆಯಿತು. 2018ರ ಡಿಸೆಂಬರ್ 1ರಿಂದ ಜಾರಿಯಾದ ನಿಯಮ ದಾರಿ ತೆರೆಯಿತಾದರೂ 250 ಗ್ರಾಂ ಮೀರಿದ ಯಂತ್ರಕ್ಕೆ ಅನುಮತಿಯಿಲ್ಲದೆ ಮೇಲೇಳದ ವ್ಯವಸ್ಥೆ, ಹಾರಾಟದ ದಾಖಲೆ, ಬೆಂಕಿ ತಾಳುವ ಗುರುತಿನ ಫಲಕ ಇವೆಲ್ಲ ಬೇಕೆಂದಿತು. ಇವಕ್ಕಾಗಿ ಸೇರಿದ ಪ್ರತಿ ಪ್ರಸಾರ ಬೋರ್ಡೂ ಜಿಪಿಎಸ್‌ಗೆ ಹೊಸ ನೆರೆಹೊರೆಯ ಜಗಳ ತಂದಿತು. ರೇಡಿಯೊ ತರಂಗದ ಕಥೆ ಇನ್ನೂ ಸ್ಪಷ್ಟ. ಅಮೆರಿಕದ ಹವ್ಯಾಸಿಗಳ 915 ಮೆಗಾಹರ್ಟ್ಸ್ ಇಲ್ಲಿ ಮುಕ್ತವಲ್ಲ. 2005ರಲ್ಲಿ ಪರವಾನಗಿಯಿಲ್ಲದ ಬಳಕೆಗೆ ತೆರೆದದ್ದು 865ರಿಂದ 867. ಅದಕ್ಕೆ ಕಾಲು ತರಂಗದ ಆಂಟೆನಾ ಸುಮಾರು 8.7 ಸೆಂಟಿಮೀಟರ್. ಕಾರ್ಬನ್ ಫೈಬರ್ ಚೌಕಟ್ಟು ತರಂಗವನ್ನು ಮರೆಮಾಡುವುದರಿಂದ ಆಂಟೆನಾ ಕಾಲಿನ ಕಡೆಗೆ ಕೆಳಗಿಳಿಯಿತು.

ಪರೀಕ್ಷಾ ಹಾರಾಟಕ್ಕೂ ಊರು ಬಿಡಬೇಕಿತ್ತು. ಪೀಣ್ಯದ ಪಕ್ಕ ಜಾಲಹಳ್ಳಿ ವಾಯುಪಡೆ ನೆಲೆ, ವೈಟ್‌ಫೀಲ್ಡಿನ ಕಡೆ ಎಚ್‌ಎಎಲ್ ವಿಮಾನ ನಿಲ್ದಾಣ. 2021ರ ಜೂನಿನಲ್ಲಿ ಥ್ರಾಟಲ್ ಏರೋಸ್ಪೇಸ್ ಕಂಪನಿ ಕಣ್ಣಳತೆ ಮೀರಿದ ಔಷಧ ಸಾಗಣೆಯ ಪ್ರಯೋಗ ನಡೆಸಿದ್ದು ಗೌರಿಬಿದನೂರಿನಲ್ಲಿ. ಅದೇ ವರ್ಷ ನವೆಂಬರ್ 13ರಂದು ಎಲೆಕ್ಟ್ರಾನಿಕ್ ಸಿಟಿಯಿಂದ ಸ್ವಲ್ಪವೇ ಆಚೆಗಿನ ಚಂದಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಎನ್‌ಎಎಲ್‌ನ ಆಕ್ಟಾಕಾಪ್ಟರ್ ಬೆಳಿಗ್ಗೆ 9.43ಕ್ಕೆ ಎದ್ದು, 50 ಸೀಸೆ ಕೋವಿಡ್ ಲಸಿಕೆಯನ್ನು 9.53ಕ್ಕೆ ಹಾರಗದ್ದೆಗೆ ತಲುಪಿಸಿತು. ಹೋಗಿ ಬರುವ ಸುಮಾರು 14 ಕಿಲೋಮೀಟರಿಗೆ ಹಿಡಿದದ್ದು ಸುಮಾರು 20 ನಿಮಿಷ. ಅದರಲ್ಲಿ ಒಂದು ಕೆಟ್ಟರೆ ಇನ್ನೊಂದು ನಡೆಸುವ ಜೋಡಿ ಆಟೊಪೈಲಟ್ ಇತ್ತು. ಜೋಡಿಯೆಂದರೆ ಎರಡು ಬೋರ್ಡು ಕೊಂಡು ತಂದರೆ ಮುಗಿಯಿತು ಎಂದಲ್ಲ. ಎರಡಕ್ಕೂ ಒಂದೇ ವಿದ್ಯುತ್ ಮೂಲವೋ ಒಂದೇ ಕನೆಕ್ಟರೋ ಇದ್ದರೆ ಎರಡೂ ಒಟ್ಟಿಗೇ ಸಾಯುತ್ತವೆ. ಈ ಪಟ್ಟಿಯ ಒಳಜೋಡಣೆ ಹವ್ಯಾಸದಿಂದ ವಿಮಾನಶಾಸ್ತ್ರಕ್ಕೆ ದಾಟಿದ್ದು ಇಂಥ ಯಂತ್ರಗಳಲ್ಲಿ.

2022ರ ಫೆಬ್ರುವರಿ 9ರಂದು ಕೇಂದ್ರ ಸರ್ಕಾರ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿತು. ರಕ್ಷಣೆ, ಸಂಶೋಧನೆಯಂಥ ಕೆಲವಕ್ಕೆ ವಿನಾಯಿತಿ ಸಿಕ್ಕಿತು, ಬಿಡಿಭಾಗಗಳಿಗೆ ತಡೆಯೇ ಬೀಳಲಿಲ್ಲ. ಅದಕ್ಕೂ ಮುಂಚೆ 120 ಕೋಟಿ ರೂಪಾಯಿಯ ಉತ್ಪಾದನಾ ಪ್ರೋತ್ಸಾಹ ಯೋಜನೆ ಮಾರಾಟದ ಕನಿಷ್ಠ ಶೇಕಡಾ 40ರಷ್ಟು ಮೌಲ್ಯವರ್ಧನೆ ಕೇಳಿತ್ತು. ಭಾಗ ಹೊರಗಿನದು, ಕೂಡಿಕೆ ಒಳಗಿನದು ಎಂಬ ವ್ಯವಸ್ಥೆಗೆ ಹೀಗೆ ಸರ್ಕಾರದ ಮುದ್ರೆಯೂ ಬಿತ್ತು. ಇದನ್ನು ಬರೀ ಸ್ಕ್ರೂ ತಿರುಗಿಸುವ ಕೆಲಸ ಎಂದು ಹಳಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೂಡಿಕೆಯೇ ಕೊನೆಯ ಗುರಿ ಎಂದು ಹಿಗ್ಗುವವರನ್ನೂ ಒಪ್ಪುವುದಿಲ್ಲ. ಮೋಟಾರು, ಗೈರೋ ಇಲ್ಲೇ ತಯಾರಾಗುವವರೆಗೆ ಈ ಜಾಣ್ಮೆ ಇನ್ನೊಬ್ಬರ ಸರಕನ್ನೇ ನೆಚ್ಚಿಕೊಂಡಿರುತ್ತದೆ.

ಈ ಪಟ್ಟಿಯ ಕಾರ್ಯಾಗಾರಗಳಲ್ಲಿ, ಕಾಲೇಜು ಪ್ರಯೋಗಾಲಯಗಳಲ್ಲಿ ಕಳೆದ ದಶಕದ ವೈರಿಂಗ್ ನಕ್ಷೆ, ಸುಟ್ಟ ಇಎಸ್‌ಸಿ, ಕೈಬಿಟ್ಟ ಚೌಕಟ್ಟು ಇಟ್ಟುಕೊಂಡವರು ದಯವಿಟ್ಟು ಅವನ್ನು ಗುಜರಿಗೆ ಹಾಕಬೇಡಿ. ಮೇಲೆ ತಾರೀಖು ಬರೆದು ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನೋ ಹತ್ತಿರದ ಕಾಲೇಜನ್ನೋ ಕೇಳಿ ನೋಡಿ.