ಒಂದೇ ಪ್ರತಿಯ ಸಿನಿಮಾ

ಮುಂಬೈಯ ಚೋರ್ ಬಜಾರಿನಲ್ಲಿ ಹಳೆಯ ಪ್ರೊಜೆಕ್ಟರ್ ಕಂಡರೆ ಎಲ್ಲರ ಕಣ್ಣು ಲೆನ್ಸಿನ ಮೇಲೆ. ನಾನು ಮೊದಲು ನೋಡುವುದು ಹಲ್ಲುಗಳನ್ನು. ಫಿಲಮಿನ ತೂತಿಗೆ ಸಿಕ್ಕಿ ಅದನ್ನು ಎಳೆಯುವ ಆ ಸಣ್ಣ ಹಲ್ಲುಗಳು ಸವೆದಿದ್ದರೆ ಲೆನ್ಸ್ ಎಷ್ಟು ಫಳಫಳ ಹೊಳೆದರೂ ಪ್ರಯೋಜನವಿಲ್ಲ.

ಸಿನಿಮಾ ಮನೆಯೊಳಗೆ ಬರಲು ಇದ್ದ ದೊಡ್ಡ ಅಡ್ಡಿ ಬೆಂಕಿ. ಆಗಿನ ಚಿತ್ರಮಂದಿರಗಳ 35 ಎಂಎಂ ಫಿಲಂ ನೈಟ್ರೇಟಿನದು. ಹೊತ್ತಿಕೊಂಡರೆ ನೀರಿಗೂ ಆರದು. ಫ್ರಾನ್ಸಿನ ಪಾಥೆ ಕಂಪನಿ 1912ರಲ್ಲಿ ಸುಲಭಕ್ಕೆ ಉರಿಯದ ಅಸಿಟೇಟ್ ಫಿಲಂ ಬಳಸುವ 28 ಎಂಎಂ 'ಕೋಕ್' ಪ್ರೊಜೆಕ್ಟರನ್ನು ತಂದಿತು. ಕರೆಂಟಿಲ್ಲದ ಮನೆಗೂ ಅದು ಸಲ್ಲುತ್ತಿತ್ತು: ಹಿಡಿ ತಿರುಗಿಸಿದರೆ ಫಿಲಂ ಓಡುವುದರ ಜೊತೆಗೆ ಒಳಗಿನ ಡೈನಮೋ ದೀಪವನ್ನೂ ಉರಿಸುತ್ತಿತ್ತು. 1922ರ ಕೊನೆಗೆ ಬಂದ 'ಪಾಥೆ ಬೇಬಿ'ಯದು 9.5 ಎಂಎಂ ಫಿಲಂ, ತೂತು ಎರಡು ಚಿತ್ರಗಳ ನಡುವೆ. ಅಕ್ಷರಗಳಿರುವ ಚಿತ್ರದ ಬಳಿ ಫಿಲಮಿನ ಅಂಚಿಗೊಂದು ಕಚ್ಚು. ಅದು ಸಿಕ್ಕಾಗ ಹಿಡಿ ತಿರುಗುತ್ತಿದ್ದರೂ ಫಿಲಂ ಕೆಲವು ಸೆಕೆಂಡು ನಿಂತು, ಓದಿದ ಮೇಲೆ ಮುಂದೆ ಹೋಗುತ್ತಿತ್ತು. ಗಜಗಟ್ಟಲೆ ಫಿಲಂ ಉಳಿಸಿದ ಈ ಜಾಣತನಕ್ಕೆ ನಾನು ಸೋತಿದ್ದೇನೆ.

1923ರಲ್ಲಿ ಕೊಡಾಕ್ 16 ಎಂಎಂ ತಂದಿತು. ಅದರೊಂದಿಗೆ ಬಂದದ್ದು ರಿವರ್ಸಲ್ ಫಿಲಂ: ಕ್ಯಾಮೆರಾದೊಳಗೆ ಬೆಳಕು ಕಂಡ ಅದೇ ಪಟ್ಟಿ ತೊಳೆದ ಮೇಲೆ ಪರದೆಗೆ ಸಿದ್ಧ. ನೆಗೆಟಿವ್ ಇಲ್ಲ, ಮತ್ತೊಂದು ಪ್ರಿಂಟಿನ ಖರ್ಚಿಲ್ಲ. ಅಮೆರಿಕ ಆರ್ಥಿಕ ಕುಸಿತದಲ್ಲಿದ್ದ 1932ರಲ್ಲಿ 8 ಎಂಎಂ ಬಂತು. 16 ಎಂಎಂ ಅಗಲದ 25 ಅಡಿ ಸುರುಳಿಯ ಒಂದು ಬದಿಗೆ ಚಿತ್ರ ತೆಗೆದು, ತಿರುಗಿಸಿ ಇನ್ನೊಂದು ಬದಿಗೆ ತೆಗೆಯಬೇಕು. ಲ್ಯಾಬಿನವರು ಉದ್ದಕ್ಕೆ ಸೀಳಿ ಜೋಡಿಸಿದರೆ 50 ಅಡಿ, ಸುಮಾರು ನಾಲ್ಕು ನಿಮಿಷ. 1965ರ ಸೂಪರ್ 8ರಲ್ಲಿ ಕಾರ್ಟ್ರಿಜ್ ತುರುಕಿದರೆ ಮುಗಿಯಿತು.

ಅಗ್ಗವಾಗಿಸಿದ ಆ ರಿವರ್ಸಲ್ ಉಪಾಯವೇ ಈಗಿನ ತೊಡಕು. ಮಗುವಿನ ಮೊದಲ ಹೆಜ್ಜೆ, ತೀರಿಹೋದ ಅಜ್ಜಿಯ ನಗು, ಯಾವುದಕ್ಕೂ ಎರಡನೆಯ ಪ್ರತಿಯಿಲ್ಲ. ಅಟ್ಟ ಖಾಲಿ ಮಾಡುವಾಗ ಪ್ರೊಜೆಕ್ಟರೂ ರೀಲೂ ಒಟ್ಟಿಗೇ ಸಿಕ್ಕರೆ ಯಾರಿಗಾದರೂ ಹಾಕಿ ನೋಡುವ ಆಸೆಯೇ. ಆದರೆ ಹಳೆಯ ಅಸಿಟೇಟ್ ಕುಗ್ಗುತ್ತದೆ. ಕುಗ್ಗಿದ ಫಿಲಮಿನ ತೂತು ಹಲ್ಲಿಗೆ ಹೊಂದದೆ ಹರಿಯುತ್ತದೆ; ಎಲ್ಲಾದರೂ ಸಿಕ್ಕಿಕೊಂಡು ನಿಂತರೆ ದೀಪದ ಕಾವಿಗೆ ಆ ಚಿತ್ರ ಕರಗಿ ಗುಳ್ಳೆ ಏಳುತ್ತದೆ. ಐವತ್ತು ವರ್ಷ ಉಳಿದದ್ದು ಅರ್ಧ ನಿಮಿಷದಲ್ಲಿ ಹೋಗಬಹುದು. ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರಂತೂ ಫಿಲಂ ಕೆಡಲು ಶುರುವಾಗಿದೆ ಎಂದೇ ಅರ್ಥ. ಹಲ್ಲಿಲ್ಲದ, ರಬ್ಬರ್ ಉರುಳೆಗಳ ಮೇಲೆ ಓಡಿಸುವ ಸ್ಕ್ಯಾನರುಗಳಿವೆ. ಅಂಥ ರೀಲನ್ನು ಅಲ್ಲಿಗೇ ಕೊಡಬೇಕು, ಅದೂ ಬೇಗ.

ಹಾಗಾಗಿ ನನ್ನ ಕಪಾಟಿನ ಯಂತ್ರಗಳಿಗೆ ಯಾರ ಮನೆಯ ರೀಲನ್ನೂ ಹಾಕುವುದಿಲ್ಲ. ಭಾನುವಾರ ಎಣ್ಣೆ ಬಿಟ್ಟು ಖಾಲಿ ಓಡಿಸುತ್ತೇನೆ. ಗೋಡೆಯ ಮೇಲೆ ಬಿಳಿ ಚೌಕ, ಕೋಣೆ ತುಂಬ ಟಕಟಕ ಸದ್ದು. ಪಕ್ಕದ ಫ್ಲ್ಯಾಟಿನ ಹುಡುಗ ಬಂದು, ಸಿನಿಮಾ ಎಲ್ಲಿ ಅಂಕಲ್ ಅನ್ನುತ್ತಾನೆ.